ಒಗೆಯಬಾರದಿದ್ದ ಜಮಖಾನಾ

“ಇದನ್ನೂ ಒಗದ ಹಾಕೇನವಾ. ಎರಡ ಸಲ ಸೋಪ ಹಚ್ಚಿ ತಿಕ್ಕಿ, ಆಮ್ಯಾಲ ಆ ಹೂವಿನ ವಾಸನಿ ನೀಲಿ ನೀರಿನ್ಯಾಗ ಅದ್ದಿ ತಗದೇನಿ. ನೋಡ, ಹೆಂಗ ಹೊಸಾದ ಆಗೇದ” ಎಂದು ಜಯಶ್ರೀಬಾಯಿ ನನ್ನ ಒಂದು ಮೂಲೆ ಎತ್ತಿ ತೋರಿಸಿದರು.

ಗೇಟು ದಾಟಿದಾಗಿನಿಂದ ಒಂದೇ ಸಮನೆ ಮಾತಾಡುತ್ತಿದ್ದ ತೇಜು ಸುಮ್ಮನಾದಳು. ತೇಜು ಸುಮ್ಮನಾಗುವುದು ಬಹಳ ಅಪರೂಪ. ಅವಳ ಕೈಯಲ್ಲಿದ್ದ ಫೋನು ಮೆಲ್ಲಗೆ ಕೆಳಗಿಳಿಯಿತು.

“ಯಾವಾಗ ಒಗದ್ರಿ ಆಂಟಿ?”

“ಹಬ್ಬಕ್ಕ ಹಾಸಿಗಿ ಒಗಿಯೂ ದಿನಾ. ಶನಿವಾರ.”

ತೇಜು ಬೆರಳು ಮಡಚಿ ಲೆಕ್ಕ ಹಾಕಿದಳು. ನಾಯಿ ಮಾದ್ಲಿ ಅನ್ನ ಬಿಟ್ಟದ್ದು ಶನಿವಾರ ಸಂಜೆಯಿಂದ. ಅಂದು ಬುಧವಾರ. ವರಾಂಡದ ಮೂಲೆಯಲ್ಲಿ ಮುಖವನ್ನು ಗೋಡೆಗೆ ಮಾಡಿ ಮಲಗಿದ್ದ ಮಾದ್ಲಿ ಬಾಲವನ್ನು ಒಮ್ಮೆ ಎತ್ತಿ, ಅರ್ಧಕ್ಕೇ ಬಿಟ್ಟಿತು.

ನಾನು ಒಂದು ಜಮಖಾನಾ. ನೆಲದ ಮೇಲೆಯೇ ಬಾಳು ಸವೆಸುವ ನನಗೆ ಮನುಷ್ಯರ ಪರಿಚಯ ಶುರುವಾಗುವುದು ಪಾದದಿಂದ. ಜಯಶ್ರೀಬಾಯಿಯವರದು ಒಡೆದ ಹಿಮ್ಮಡಿಗೆ ಮುಲಾಮು ಹಚ್ಚಿದ, ಕಾಲುಂಗುರದ ಪಾದ. ತೇಜುವಿನದು ಎಡಗಾಲಿನ ಹೆಬ್ಬೆರಳ ಉಗುರು ಯಾವಾಗಲೂ ಒಡೆದಿರುವ ಪಾದ. ಅವಳು ಫೋನು ನೋಡುತ್ತ ನಡೆಯುವವಳು, ಎಡವದ ದಿನವಿಲ್ಲ. ಅಂದು ಆ ಎರಡು ಜೊತೆ ಪಾದಗಳು ನನ್ನ ಎರಡು ಬದಿಗೆ ಅಲ್ಲಾಡದೆ ನಿಂತಿದ್ದವು. ಏನು ಕೆಟ್ಟಿದೆ ಎಂಬುದು ಒಂದಕ್ಕೆ ಗೊತ್ತಾಗಿತ್ತು, ಇನ್ನೊಂದಕ್ಕೆ ಇನ್ನೂ ಗೊತ್ತಾಗಿರಲಿಲ್ಲ. ನನಗೆ ಶನಿವಾರವೇ ಗೊತ್ತಾಗಿತ್ತು. ಹೇಳುವುದು ಹೇಗೆ?

ಹುಟ್ಟಿನಿಂದಲೇ ಹೇಳುತ್ತೇನೆ.

ನಾನು ಹುಟ್ಟಿದ್ದು ನವಲಗುಂದದ ಒಂದು ಓಣಿಯಲ್ಲಿ, ಖತಿಜಾಬಿ ಎಂಬಾಕೆಯ ಮಗ್ಗದ ಮೇಲೆ. ಆ ಮಗ್ಗ ಗೋಡೆಗೆ ಒರಗಿ ನಿಂತಿರುತ್ತಿತ್ತು. ಖತಿಜಾಬಿ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ನೂಲು ಹಾಯಿಸಿ, ಕಬ್ಬಿಣದ ಪಂಜದಿಂದ ಬಡಿದು ಬಡಿದು ನನ್ನನ್ನು ಗಟ್ಟಿ ಮಾಡಿದಳು. ಕೆಂಪು ನೆಲ, ನಡುವೆ ಪಗಡೆಯ ಹಾಸಿನಂಥ ಚೌಕಗಳು, ಅಂಚಿಗೆ ಕರಿ ಮತ್ತು ಹಳದಿ ಪಟ್ಟಿ. ಕೊನೆಯ ಮೂಲೆ ನೇಯುವ ದಿನ ಅವಳ ಮಗಳು ಗಂಡನ ಮನೆಗೆ ಹೊರಟಿದ್ದಳು. ಅಂದು ಖತಿಜಾಬಿಯ ಕೈಯಲ್ಲಿ ಬಲವಿರಲಿಲ್ಲ. ಹಾಗಾಗಿ ನನ್ನ ಒಂದು ಮೂಲೆಯ ನೇಯ್ಗೆ ಸಡಿಲ. ಅವಳಿಗೆ ಅದು ಗೊತ್ತಿತ್ತು. ಒಮ್ಮೆ ಕೈಯಾಡಿಸಿ ನೋಡಿದಳು, ಬಿಚ್ಚಲಿಲ್ಲ.

ಮೊದಲು ನಾನು ಹೋದದ್ದು ಒಂದು ಮದುವೆ ಮನೆಗೆ. ಬೀಗರು ನನ್ನ ಮೇಲೆ ಕೂತು ಎಲೆಅಡಿಕೆ ಹಾಕಿದರು, ಕೂಸುಗಳು ಉಚ್ಚೆ ಹೊಯ್ದವು. ಐದಾರು ವರ್ಷಕ್ಕೆ ಅಂಚು ಹರಿಯಿತು. ಆ ಮನೆಯ ಯಜಮಾನ ಒಂದು ದಿನ ನನ್ನನ್ನು ಸುರುಳಿ ಸುತ್ತಿ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಧಾರವಾಡದ ಖಟಾವಕರ ಮಾಸ್ತರರ ಟೇಲರ್ ಅಂಗಡಿಗೆ ತಂದ. ಅಂಚು ಹೊಡೆದಿಡಿ, ಸೋಮವಾರ ಬರುತ್ತೇನೆ ಎಂದು ಹೇಳಿ ಹೋದ.

ಎಷ್ಟೋ ಸೋಮವಾರಗಳು ಬಂದವು. ಅವನು ಬರಲಿಲ್ಲ.

ಟೇಲರ್ ಅಂಗಡಿಯಲ್ಲಿ ಒಂದು ಮೇಲಿನ ಹಲಗೆ ಇರುತ್ತದೆ. ಹೊಲಿಯಲು ಕೊಟ್ಟು ಒಯ್ಯದೆ ಬಿಟ್ಟವೆಲ್ಲ ಹೆಸರಿನ ಚೀಟಿ ಚುಚ್ಚಿಸಿಕೊಂಡು ಅಲ್ಲಿ ಕೂರುತ್ತವೆ. ಸಣ್ಣದಾದ ಶಾಲೆಯ ಚಡ್ಡಿ, ಮದುವೆ ಮುರಿದುಹೋದ ಒಬ್ಬ ಹುಡುಗಿಯ ಕುಪ್ಪಸ, ಯಾರದೋ ಕೋಟು, ನಾನು. ಮಾಸ್ತರರ ಪದ್ಧತಿ ಏನೆಂದರೆ ಒಂದು ದೀಪಾವಳಿಯಿಂದ ಇನ್ನೊಂದು ದೀಪಾವಳಿಯವರೆಗೆ ಕಾಯುವುದು, ಆಮೇಲೆ ಬೇಕಾದವರಿಗೆ ಕೊಟ್ಟುಬಿಡುವುದು. ನನ್ನ ಗಡುವು ಮುಗಿಯುವ ವಾರವೇ ಒಬ್ಬ ಡಾಕ್ಟರರು ಕೋಟಿನ ಅಳತೆ ಕೊಡಲು ಬಂದವರು, ಜೊತೆಗೆ ಒಂದು ಬುಟ್ಟಿಯಲ್ಲಿ ಲ್ಯಾಬ್ರಡಾರ್ ಮರಿಯನ್ನೂ ತಂದಿದ್ದರು. ಅವರ ನಾಯಿ ಎಂಟು ಮರಿ ಹಾಕಿತ್ತಂತೆ, ಏಳಕ್ಕೆ ಮನೆ ಸಿಕ್ಕಿತ್ತಂತೆ.

ಮಾಸ್ತರರಿಗೆ ಹೆಂಡತಿ ಮಕ್ಕಳಿರಲಿಲ್ಲ. ಬೇಡ ಎನ್ನಲು ಬಾಯಿ ತೆರೆದರು. ಅಷ್ಟರಲ್ಲಿ ಮರಿ ಬುಟ್ಟಿಯಿಂದ ಉರುಳಿ ಮಷೀನಿನ ಕೆಳಗೆ ಹೋಗಿ, ಅವರ ಪಾದದ ಮೇಲೆ ಗದ್ದ ಇಟ್ಟು ನಿದ್ದೆಹೋಯಿತು. ಗೋಧಿ ಹುರಿದು ಬೆಲ್ಲ ಕೂಡಿಸಿ ಮಾಡುವ ಮಾದ್ಲಿಯದೇ ಬಣ್ಣ. ಹೆಸರಿಗೆ ಹುಡುಕಾಡಬೇಕಾಗಲಿಲ್ಲ. ಮಾಸ್ತರರು ಮೇಲಿನ ಹಲಗೆಯಿಂದ ನನ್ನನ್ನು ಇಳಿಸಿ, ಚೀಟಿ ಕಿತ್ತು, ಮಷೀನಿನ ಕೆಳಗೆ ಹಾಸಿದರು.

ಅಂದಿನಿಂದ ಒಂಬತ್ತು ವರ್ಷ ನಾನು ಅಲ್ಲಿದ್ದೆ. ಮಾದ್ಲಿಗೆ ಹಲ್ಲು ಬರುವಾಗ ಅದು ಹುಡುಕಿ ಹುಡುಕಿ ಕಚ್ಚಿದ್ದು ನನ್ನ ಸಡಿಲ ಮೂಲೆಯನ್ನೇ. ಮಾಸ್ತರರು ಆ ತೂತಿಗೆ ಪೊಲೀಸರ ಪ್ಯಾಂಟಿನ ಒಂದು ಖಾಕಿ ತುಂಡು ಹಚ್ಚಿ ಹೊಲಿದರು. ಮಾದ್ಲಿ ಆಮೇಲೆ ಮೂಗಿಟ್ಟು ಮಲಗುತ್ತಿದ್ದದ್ದು ಆ ಖಾಕಿಯ ಮೇಲೆಯೇ. ಮಷೀನಿನ ಎಣ್ಣೆ ಹನಿಹನಿಯಾಗಿ ನನ್ನ ಮೇಲೆ ಬೀಳುತ್ತಿತ್ತು. ಇದ್ದಲಿ ಇಸ್ತ್ರಿಯ ಬಿಸಿ ಹಬೆ, ಬಟ್ಟೆಗೆ ಗುರುತು ಹಾಕುವ ಸುಣ್ಣದ ಬಿಲ್ಲೆಯ ಪುಡಿ, ಮಾಸ್ತರರ ಎಲೆ ತಂಬಾಕು, ಅವರ ಪಾದದ ಬೆವರು, ಮಾದ್ಲಿಯ ಜೊಲ್ಲು ಎಲ್ಲವೂ ನನ್ನೊಳಗೆ ಇಳಿದವು. ನೋಡಿದವರು ಮೂಗು ಮುರಿಯುವಷ್ಟು ಕೊಳಕಾದೆ. ಇಷ್ಟು ಕೊಳಕಾಗಲು ಒಂಬತ್ತು ವರ್ಷ ಬೇಕು ಎಂಬುದು ಅವರಿಗೇನು ಗೊತ್ತು.

ಹೋದ ಶ್ರಾವಣದಲ್ಲಿ ಒಂದು ಮಧ್ಯಾಹ್ನ ಮಷೀನು ನಡುವೆಯೇ ನಿಂತಿತು. ಮಾಸ್ತರರ ಬಲಗಾಲು ಪೆಡಲಿನಿಂದ ಜಾರಿತು, ಆಮೇಲೆ ಇಡೀ ಮೈ ಕುರ್ಚಿಯಿಂದ ಜಾರಿ ನನ್ನ ಮೇಲೆ ಬಿತ್ತು. ಮಾದ್ಲಿ ಎಂದೂ ಹೆಚ್ಚು ಬೊಗಳದ ನಾಯಿ. ಅಂದು ಎದುರಿನ ಚಹಾದಂಗಡಿಯವರು ಓಡಿ ಬರುವವರೆಗೆ ಬೊಗಳಿತು. ಮಾಸ್ತರರನ್ನು ಗಾಡಿಯಲ್ಲಿ ಹಾಕಿಕೊಂಡು ಹೋದರು. ಮಾದ್ಲಿ ಹಿಂದೆ ಓಡಿ, ಸರ್ಕಲ್ಲಿನವರೆಗೂ ಹೋಗಿ, ನಾಲಿಗೆ ಚಾಚಿಕೊಂಡು ತಿರುಗಿ ಬಂದು ಖಾಕಿಯ ಮೇಲೆ ಮೂಗಿಟ್ಟು ಕೂತಿತು.

ಲಕ್ವಾ ಹೊಡೆದಿತ್ತು. ಬಲಗೈ ಬಲಗಾಲು ಹೋದವು. ಗದಗಿನಿಂದ ಅವರ ತಂಗಿ ರುಕ್ಮಾಬಾಯಿ ಬಂದು ಅಂಗಡಿ ಖಾಲಿ ಮಾಡಿ, ಅಣ್ಣನನ್ನೂ ಮಷೀನನ್ನೂ ಇಸ್ತ್ರಿಯನ್ನೂ ಟೆಂಪೋದಲ್ಲಿ ಹಾಕಿಕೊಂಡು ಹೋದಳು. ಅವಳದು ಎರಡನೆಯ ಮಹಡಿಯಲ್ಲಿ ಬಾಡಿಗೆ ಮನೆ. ನಾಯಿ ತಂದರೆ ಮನೆ ಬಿಡಿ ಎಂದು ಮಾಲೀಕರು ಮೊದಲೇ ಹೇಳಿದ್ದರಂತೆ. ಹೀಗಾಗಿ ಮಾದ್ಲಿ ಉಳಿಯಿತು.

ತೇಜು ಬಂದದ್ದು ಆಗ. ಯಜಮಾನರಿಲ್ಲದ ಲ್ಯಾಬ್ರಡಾರ್ ನಾಯಿಗಳಿಗೆ ಹೊಸ ಮನೆ ಹುಡುಕಿಕೊಡುವ ಒಂದು ಗುಂಪು ಧಾರವಾಡದಲ್ಲಿದೆ. ಅದನ್ನು ನಡೆಸುವವರು ಉಷಾ ಮೇಡಂ. ತೇಜು ಬಿ.ಎಸ್ಸಿ. ಎರಡನೆಯ ವರ್ಷದವಳು, ಗುಂಪಿಗೆ ಸೇರಿ ಒಂದು ತಿಂಗಳೂ ಆಗಿರಲಿಲ್ಲ. ಮಾದ್ಲಿ ಅವಳ ಕೈಗೆ ಒಪ್ಪಿಸಿದ ಮೊದಲ ನಾಯಿ. ಆಟೋದಲ್ಲಿ ಒಂದು ಕೈಯಲ್ಲಿ ಮಾದ್ಲಿಯನ್ನು ತಬ್ಬಿಕೊಂಡು ಇನ್ನೊಂದು ಕೈಯಲ್ಲಿ ಗುಂಪಿಗೆಲ್ಲ ಸುದ್ದಿ ಬರೆದಳು. ಬರೆಯುವುದನ್ನೆಲ್ಲ ಬಾಯಲ್ಲೂ ಹೇಳಿಕೊಳ್ಳುವುದು ಅವಳ ಅಭ್ಯಾಸ, ಹಾಗಾಗಿ ನನಗೂ ಗೊತ್ತಾಗುತ್ತದೆ. ಮಾದ್ಲಿ ಸೀನಿತು ಎಂದು ಬರೆದಳು. ಮಾದ್ಲಿ ಆಟೋದವನ ಕಿವಿ ನೆಕ್ಕಿತು ಎಂದು ಬರೆದಳು. ಕೊನೆಗೆ ಉಷಾ ಮೇಡಂ ಫೋನು ಮಾಡಿ, “ತಂಗಿ, ನಾಯಿ ಕಡೆ ನೋಡ” ಎಂದರು.

ಆ ಗುಂಪಿನವರಿಗೆ ಒಂದು ಪದ್ಧತಿಯಿದೆ. ನಾಯಿ ಹೊಸ ಮನೆಗೆ ಹೋಗುವಾಗ ಹಳೆಯ ಮನೆಯ ಹಾಸಿಗೆ ಹಾಗೆಯೇ, ಒಗೆಯದೆ, ಜೊತೆಗೆ ಹೋಗಬೇಕು. ಎಲ್ಲ ಬದಲಾದರೂ ಮೂಗಿಗೆ ಒಂದು ಹಳೆಯ ಜಾಗ ಇರಲಿ ಎಂದು. ಇನ್ನೊಂದು ಪದ್ಧತಿ, ಮೂರು ತಿಂಗಳು ಹಳೆಯ ಯಜಮಾನರು ಬಂದು ಮುಖ ತೋರಿಸಬಾರದು. ಹಿಂದೆ ಒಬ್ಬರು ಪ್ರೀತಿ ತಡೆಯದೆ ಬಂದು ಹೋದರಂತೆ. ಅವರ ಹಿಂದೆ ಕಾಂಪೌಂಡು ಹಾರಿದ ನಾಯಿ ಲಾರಿಗೆ ಸಿಕ್ಕಿತಂತೆ.

ಉಷಾ ಮೇಡಂ ಅವರ ಹಿತ್ತಲಲ್ಲಿ ಎರಡು ವಾರ ಇದ್ದು, ಆಮೇಲೆ ನಾವಿಬ್ಬರೂ ಅದೇ ಊರಿನ ಸಪ್ತಾಪುರದ ಜಯಶ್ರೀಬಾಯಿಯವರ ಮನೆಗೆ ಬಂದೆವು. ಗಂಡ ಬಳ್ಳಾರಿಯಲ್ಲಿ ನೌಕರಿ, ಮನೆಯಲ್ಲಿ ಅವರು ಮತ್ತು ಅವರ ಅತ್ತೆ. ಒಂಬತ್ತು ವರ್ಷದ ನಾಯಿಯನ್ನು ಯಾರೂ ಕೇಳುವುದಿಲ್ಲ. ಅವರು ಕೇಳಿ ಕೇಳಿ ಅದನ್ನೇ ಕರೆದುಕೊಂಡರು. ತೇಜು ಅವರಿಗೆ ಏನು ಮಾಡಬೇಕು, ಏನು ಮಾಡಬಾರದು ಎಂದು ಫೋನಿನಲ್ಲೇ ಒಂದು ಪಟ್ಟಿ ಬರೆದು ಕಳಿಸಿದಳು. ಇಪ್ಪತ್ತೊಂದು ಸಾಲು. ಸಾಲಿಗೊಂದು ನಗುವ ಮುಖ, ಹೃದಯ, ನಾಯಿಯ ಹೆಜ್ಜೆ. ಮಾದ್ಲಿಗೆ ಪಟಾಕಿ ಅಂದರೆ ಹೆದರಿಕೆ, ಬಾಳೆಹಣ್ಣು ಅಂದರೆ ಜೀವ, ಹೊಟ್ಟೆ ತುರಿಸಿದರೆ ಎಡಗಾಲು ಒದೆಯುತ್ತದೆ. ಹೀಗೇ ಸಾಗಿ, ಹದಿನೇಳನೆಯ ಸಾಲಿನಲ್ಲಿ ಜಮಖಾನಾ ಒಗೆಯಬೇಡಿ ಎಂದಿತ್ತು.

ಜಯಶ್ರೀಬಾಯಿ ಆರನೆಯ ಸಾಲಿನವರೆಗೆ ಓದಿ, ಮುದ್ದಾದ ಹುಡುಗಿ, ಎಷ್ಟು ಚೆಂದ ಬರೆದಿದ್ದಾಳೆ ಎಂದು ಅತ್ತೆಗೆ ತೋರಿಸಿ, ಫೋನು ಇಟ್ಟರು.

ಹತ್ತು ದಿನ ಎಲ್ಲ ಸರಿಯಿತ್ತು. ಮಾದ್ಲಿ ನಾಲ್ಕು ತುತ್ತು ತಿನ್ನುವುದು, ಬಂದು ಖಾಕಿಗೆ ಮೂಗು ಹಚ್ಚುವುದು, ಮತ್ತೆ ಹೋಗಿ ನಾಲ್ಕು ತುತ್ತು ತಿನ್ನುವುದು. ಹತ್ತನೆಯ ದಿನ ಜಯಶ್ರೀಬಾಯಿಯ ಕಾಲುಂಗುರವನ್ನು ಒಮ್ಮೆ ನೆಕ್ಕಿತು. ಅವರು ಅಡುಗೆಮನೆಗೆ ಹೋಗಿ ಸೆರಗಿನಿಂದ ಕಣ್ಣೊರೆಸಿಕೊಂಡು ಬಂದರು.

ದಸರೆಗೆ ಮುಂಚೆ ಮನೆಯ ಹಾಸಿಗೆಯನ್ನೆಲ್ಲ ಹೊರಗೆ ತೆಗೆದು ಒಗೆಯುವುದು ಈ ಕಡೆಯ ವಾಡಿಕೆ. ಕೌದಿ, ಚಾದರ, ದಿಂಬಿನ ಚೀಲ, ಏನೂ ಬಿಡುವಂತಿಲ್ಲ. ಜಯಶ್ರೀಬಾಯಿ ಎಲ್ಲ ಒಗೆದು ಮುಗಿಸಿ, ಸೊಂಟಕ್ಕೆ ಕೈಯಿಟ್ಟು ವರಾಂಡಕ್ಕೆ ಬಂದು, ನನ್ನನ್ನು ನೋಡಿದರು. ಅತ್ತೆ ಒಳಗಿನಿಂದ, ನಾಯಿದು ಇರಲಿ ಬಿಡು ಎಂದರು. “ಆಕಿನೂ ನಮ್ಮ ಮನಿಯಾಕಿನ ಅಲ್ಲೇನ್ರಿ? ಹಬ್ಬದಾಗ ಆಕಿಗೊಬ್ಬಾಕಿಗೆ ಹೊಲಸ ಹಾಸಿಗಿ ಯಾಕ?” ಎಂದು ಜಯಶ್ರೀಬಾಯಿ ನನ್ನನ್ನು ಎತ್ತಿಕೊಂಡರು.

ಅವರ ಕೈಯಲ್ಲಿ ದ್ವೇಷವಿದ್ದಿದ್ದರೆ ನಾನು ಒಳಗಿನದನ್ನು ಬಿಗಿಹಿಡಿಯಬಹುದಿತ್ತೇನೋ. ಅಷ್ಟು ಅಕ್ಕರೆಯಿಂದ ತಿಕ್ಕಿದರು. ಮೊದಲ ನೀರಿಗೆ ಜೊಲ್ಲು, ಮಣ್ಣು ಹೋದವು. ಎರಡನೆಯ ಸೋಪಿಗೆ ಎಣ್ಣೆ ಬಿಟ್ಟಿತು, ಕಪ್ಪಗೆ, ಮೋರಿಯವರೆಗೆ ಒಂದು ಗೆರೆ ಎಳೆದುಕೊಂಡು. ಮಾದ್ಲಿ ಆ ಗೆರೆಯ ಹಿಂದೆಯೇ ಹೋಗಿ ಮೋರಿಯ ಬಾಯಿಗೆ ಮೂಗು ಇಟ್ಟು ನಿಂತದ್ದನ್ನು ನಾನು ನೋಡಿದೆ. ಜಯಶ್ರೀಬಾಯಿ ನಕ್ಕು, ಹೊಲಸು ಮೂಸಬೇಡ ಎಂದು ಅದನ್ನು ಕಟ್ಟಿಹಾಕಿದರು. ಕೊನೆಗೆ ಆ ನೀಲಿ ನೀರು. ಸಂಜೆ ಬಿಸಿಲಿನಲ್ಲಿ ಒಣಗಿ, ಎಂದೂ ನೋಡದ ಯಾವುದೋ ಹೂವಿನ ವಾಸನೆ ಹೊತ್ತುಕೊಂಡು ನಾನು ವರಾಂಡಕ್ಕೆ ಮರಳಿದೆ.

ಮಾದ್ಲಿ ಓಡಿ ಬಂತು. ಖಾಕಿಗೆ ಮೂಗು ಹಚ್ಚಿತು. ತೆಗೆಯಿತು. ಮತ್ತೆ ಹಚ್ಚಿತು. ನನ್ನ ನಾಲ್ಕೂ ಮೂಲೆ ಸುತ್ತಿತು. ಉಗುರಿನಿಂದ ಕೆರೆಯಿತು, ಕೆಳಗೆಲ್ಲೋ ಇರಬಹುದು ಎಂಬಂತೆ. ಆಮೇಲೆ ನನ್ನನ್ನು ಬಿಟ್ಟು ಬರೀ ನೆಲದ ಫರಸಿಯ ಮೇಲೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿತು. ಒಂಬತ್ತು ವರ್ಷದಲ್ಲಿ ಅದು ನನ್ನ ಮೇಲೆ ಮಲಗದೆ ಕಳೆದ ಮೊದಲ ಸಂಜೆ ಅದು.

ಜಯಶ್ರೀಬಾಯಿ ಏನೇನೋ ಮಾಡಿದರು. ಹಾಲನ್ನ ಕಲಸಿದರು, ಬಾಳೆಹಣ್ಣು ಸುಲಿದು ಬಾಯಿಗೆ ಹಿಡಿದರು. ಹಬ್ಬ ಇನ್ನೂ ದೂರವಿದ್ದರೂ ಗೋಧಿ ಹುರಿದು ಅದರ ಹೆಸರಿನ ಸಿಹಿಯನ್ನೇ ಮಾಡಿದರು. ಕೊನೆಗೆ ಆ ಮನೆಗೆ ಎಂದೂ ಬಾರದಿದ್ದ ತತ್ತಿ ತಂದು, ಅತ್ತೆಗೆ ಕಾಣದಂತೆ ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಬೇಯಿಸಿದರು. ಅತ್ತೆಗೆ ಕಂಡಿತು. ಅವರು ಏನೂ ಅನ್ನದೆ ಬಂದು, ಬಿಸಿ ಬಹಳ ಇದೆ, ಆರಿಸಿ ಕೊಡು ಎಂದಷ್ಟೇ ಹೇಳಿ ಹೋದರು. ಮಾದ್ಲಿ ಮೂಗು ತಿರುಗಿಸಿತು. ಸೋಮವಾರ ನಾಯಿ ಡಾಕ್ಟರು ಬಂದು ಸಲೈನ್ ಹಚ್ಚಿದರು. ಜ್ವರವಿಲ್ಲ, ರೋಗವಿಲ್ಲ, ಆದರೆ ವಯಸ್ಸಾಗಿದೆ ಎಂದರು. ಬುಧವಾರ ಮತ್ತೆ ಬಂದಾಗ ಅವರ ದನಿ ಬದಲಾಗಿತ್ತು. ಬರೀ ಸಲೈನ್ ಮೇಲೆ ಬಹಳ ದಿನ ನಡೆಯುವುದಿಲ್ಲ, ಶುಕ್ರವಾರ ಮುಂಜಾನೆ ಒಂಬತ್ತಕ್ಕೆ ಬರುತ್ತೇನೆ, ಅಷ್ಟರೊಳಗೆ ಏನಾದರೂ ತಿಂದರೆ ಉಳಿಯಿತು, ಇಲ್ಲದಿದ್ದರೆ ನನ್ನ ಕೈಯಲ್ಲಿ ಏನೂ ಇಲ್ಲ ಎಂದರು. ಅವರು ಹೋದ ಸ್ವಲ್ಪ ಹೊತ್ತಿಗೆ ತೇಜು ಬಂದಳು. ಆ ಮಾತುಕತೆಯಿಂದಲೇ ನಾನು ಶುರುಮಾಡಿದ್ದು.

ವಿಷಯ ತಿಳಿದ ಮೇಲೆ ಜಯಶ್ರೀಬಾಯಿ ನನ್ನ ಮೂಲೆಯನ್ನು ತಾವೇ ಮೂಗಿಗೆ ಹಿಡಿದು ನೋಡಿದರು. “ನನಗ ಒಂದ ಮಾತ ಹೇಳಬಾರದಿತ್ತೇನ ತಂಗಿ?” ಎಂದರು. ತೇಜು ಫೋನು ತೆಗೆದು ಪಟ್ಟಿ ಹುಡುಕಿದಳು. ಬೆರಳಿನಿಂದ ಮೇಲಕ್ಕೆ ದೂಡಿದಳು, ಇನ್ನೂ ದೂಡಿದಳು. ಹೃದಯಗಳು ಹೋದವು, ನಗುವ ಮುಖಗಳು ಹೋದವು. ಹದಿನೇಳು ಬಂತು. ತೋರಿಸಲಿಲ್ಲ. ಫೋನನ್ನು ಮಗುಚಿ ಫರಸಿಯ ಮೇಲೆ ಇಟ್ಟು, “ತಪ್ಪ ನಂದ ಆಂಟಿ” ಎಂದಳು.

ಉಷಾ ಮೇಡಂ ಫೋನಿನಲ್ಲಿ ಬೈಯಲಿಲ್ಲ. ಮಾಸ್ತರರ ಒಂದು ಹಳೆಯ ಅಂಗಿಯಾದರೂ ಸಿಗುತ್ತದೇನೋ ನೋಡು ಎಂದರು. ತೇಜು ಗದಗಿಗೆ ಫೋನು ಮಾಡಿದಳು. ಆಸ್ಪತ್ರೆಯಿಂದ ಬಂದ ದಿನವೇ ಅಂಗಿ ಧೋತರ ಎಲ್ಲ ಬಿಸಿನೀರಿಗೆ ಹಾಕಿದ್ದಾಗಿ ರುಕ್ಮಾಬಾಯಿ ಹೇಳಿದಳು. ಹಾಗಾದರೆ ಜಮಖಾನಾವನ್ನೇ ಒಯ್ದು ಮಾಸ್ತರರ ಮೈಕೆಳಗೆ ಹಾಸಿ ವಾಸನೆ ಹಿಡಿಸುವುದು ಎಂದು ನಿಶ್ಚಯವಾಯಿತು. ಗುರುವಾರ ಬೆಳಗ್ಗೆ ನನ್ನನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ತೇಜು ಬಸ್ಸು ಹತ್ತಿದಳು. ಎರಡೂವರೆ ತಾಸಿನ ದಾರಿಯಲ್ಲಿ ಅವಳು ಒಂದು ಸಾಲೂ ಬರೆಯಲಿಲ್ಲ.

ಎರಡನೆಯ ಮಹಡಿಯ ಆ ಕೋಣೆಯಲ್ಲಿ ಮಾಸ್ತರರು ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದರು.  ಅಲ್ಲಿ ಮಾದ್ಲಿ ಹೇಗೆ ಮಲಗಿತ್ತೋ ಇಲ್ಲಿ ಇವರೂ ಹಾಗೆಯೇ. ಮೂಲೆಯಲ್ಲಿ ಮಷೀನು ಹಳೆಯ ಸೀರೆ ಹೊದ್ದು ನಿಂತಿತ್ತು. ಅದರ ಸುದ್ದಿ ತೆಗೆದರೆ ಅಣ್ಣ ಎರಡು ದಿನ ಮಾತು ಬಿಡುತ್ತಾನೆ, ನೋಡಬೇಡ ಎಂದು ರುಕ್ಮಾಬಾಯಿ ತೇಜುವಿನ ಕಿವಿಯಲ್ಲಿ ಹೇಳಿದಳು.

ತೇಜು ನಡೆದದ್ದನ್ನೆಲ್ಲ ಹೇಳಿದಳು. ಮಾಸ್ತರರು ಹೊರಳಲಿಲ್ಲ. ನನ್ನನ್ನು ಅವರ ಪಕ್ಕಕ್ಕೆ ಇಟ್ಟಾಗ ಮಾತ್ರ ಎಡಗೈ ಬಂದು ಖಾಕಿಯ ತೇಪೆಯನ್ನು ಹುಡುಕಿತು. ಮೂಗಿನ ಹತ್ತಿರ ಒಯ್ದರು. ಬಹಳ ಹೊತ್ತು ಹಿಡಿದುಕೊಂಡರು.

“ಇದರಾಗ ನಾವು ಇಬ್ಬರೂ ಇಲ್ಲ” ಎಂದರು. ಲಕ್ವಾದಿಂದ ಮಾತು ಒಂದು ಕಡೆ ಜಾರುತ್ತಿತ್ತು.

ತೇಜು ಹೇಳಿದಳು, ಒಂದು ರಾತ್ರಿ ನೀವು ಇದರ ಮೇಲೆ ಮಲಗಿದರೆ ಸಾಕು ಎಂದು.

“ನನ್ನ ಮೈ ಮೂಸಿ ನೋಡು ಬೇಕಾರ. ಬರೇ ಔಷಧದ ಎಣ್ಣಿ, ಬರೇ ಆಸ್ಪತ್ರಿ. ಆಕಿ ಹುಡುಕೂದು ಈ ಮುದುಕನ್ನಲ್ಲ ತಂಗಿ. ಅಂಗಡಿನ. ಆ ಅಂಗಡಿ ಎಲ್ಲೈತಿ ಈಗ?”

ತೇಜು ಅಳತೊಡಗಿದಳು. ಬಾಯಿ ಬಿಡದೆ, ಮೂಗು ಸೊರಸೊರ ಎಳೆಯುತ್ತ, ಸಣ್ಣ ಮಕ್ಕಳ ಹಾಗೆ. ನಾಳೆ ಒಂಬತ್ತಕ್ಕೆ ಡಾಕ್ಟರು ಬರುತ್ತಾರೆ, ಆಮೇಲೆ ಏನೂ ಇಲ್ಲ ಎಂದಳು. ನಿಮ್ಮನ್ನೇ ಕರೆದೊಯ್ಯಲೇ ಎಂದು ಕೇಳಿದಳು, ಪದ್ಧತಿ ಹಾಳಾಗಲಿ ಎಂದಳು. ಮಾಸ್ತರರು ತಲೆಯಾಡಿಸಿದರು. “ನಾ ಹೋದ್ರ ಮತ್ತ ಬಿಟ್ಟ ಬರಬೇಕಲ್ಲ. ಎರಡ ಸಲ ಬಿಡಬಾರದು.”

ಹೊರಗೆ ಓಣಿಯಲ್ಲಿ ಯಾರೋ ಹಳೆ ಪಾತ್ರೆ ಎಂದು ಕೂಗುತ್ತ ಹೋದರು. ಮಾಸ್ತರರ ಎಡಗೈ ನನ್ನ ಅಂಚಿನ ಮೇಲೆ ಓಡುತ್ತಿತ್ತು. ಒಗೆಯುವಾಗ ತಿಕ್ಕಿದ ರಭಸಕ್ಕೆ ಖಾಕಿಯ ಒಂದು ಬದಿಯ ಹೊಲಿಗೆ ಬಿಚ್ಚಿಹೋಗಿತ್ತು. ಆ ಬಿಚ್ಚಿದ ಜಾಗಕ್ಕೆ ಬಂದು ಕೈ ನಿಂತಿತು. ಹೆಬ್ಬೆರಳಿನಿಂದ ಅಳೆಯಿತು.

“ರುಕ್ಮಾ, ಮಷೀನಿನ ಸೀರಿ ತಗಿ.”

ರುಕ್ಮಾಬಾಯಿ ಬೇಡವೆಂದಳು, ಬಿದ್ದರೆ ಏನು ಗತಿ ಎಂದಳು, ಆಮೇಲೆ ತಾನೇ ಹೋಗಿ ಸೀರೆ ಎಳೆದಳು. ಇಬ್ಬರೂ ಹಿಡಿದು ಮಾಸ್ತರರನ್ನು ಕುರ್ಚಿಗೆ ತಂದು ಕೂರಿಸಿ, ಬೀಳದಂತೆ ಪಂಚೆಯಿಂದ ಕುರ್ಚಿಗೆ ಕಟ್ಟಿದರು. ಎಣ್ಣೆಯ ಡಬ್ಬಿಯ ತಳದಲ್ಲಿ ಇನ್ನೂ ಒಂದಿಷ್ಟಿತ್ತು. ಮಾಸ್ತರರು ಎಡಗೈಯಿಂದ ಮಷೀನಿಗೆ ಎಣ್ಣೆ ಬಿಟ್ಟರು, ಬೇಕಾದ್ದಕ್ಕಿಂತ ಜಾಸ್ತಿ. ಅದು ಸುರಿದು ನನ್ನ ಮೇಲೆ ಹರಿಯಿತು. ತೇಜು ಸೂಜಿಗೆ ದಾರ ಪೋಣಿಸಲು ಹೋಗಿ ಮೂರು ಸಲ ತಪ್ಪಿದಳು. “ಆ ಫೋನ ಕೆಳಗಿಡವಾ ಮೊದಲ. ಒಂದ ಕೈಲೆ ನಾ ಹೊಲಿಬೇಕು, ನೀ ಅಲ್ಲ” ಎಂದರು ಮಾಸ್ತರರು. ತೇಜು ಅಳುತ್ತಲೇ ನಕ್ಕು ಫೋನು ಕೆಳಗಿಟ್ಟಳು. ದಾರ ಹೋಯಿತು.

ಎಡಗಾಲು ಪೆಡಲು ತುಳಿಯಿತು. ಎಡಗೈ ನನ್ನನ್ನು ಸೂಜಿಯ ಕೆಳಗೆ ದೂಡಿತು. ಚಕ್ರ ತಿರುಗಿಸಲು ಕೈಯೇ ಉಳಿದಿರಲಿಲ್ಲ. ಬೇಡ ಬೇಡ ಎನ್ನುತ್ತಿದ್ದ ರುಕ್ಮಾಬಾಯಿಯೇ ನಿಂತು ಚಕ್ರ ತಿರುಗಿಸಿದಳು. ಮೊದಲ ಹೊಲಿಗೆ ಹಾವಿನ ಹಾಗೆ ಹೋಯಿತು. ಧಾರವಾಡದಲ್ಲಿ ಕೋಟಿನ ಹೊಲಿಗೆಗೆ ಹೆಸರಾಗಿದ್ದ ಮಾಸ್ತರರು ಅದನ್ನು ನೋಡಿ ಹಲ್ಲು ಕಚ್ಚಿದರು. ಬೆವರು ಗದ್ದದಿಂದ ಖಾಕಿಯ ಮೇಲೆ ತೊಟ್ಟಿಕ್ಕಿತು. ಔಷಧದ ಬೆವರಾಗಿರಲಿಲ್ಲ ಅದು, ಕೆಲಸದ ಬೆವರು. ನನಗೆ ಗುರುತು ಸಿಕ್ಕಿತು.

ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ. ತೇಪೆ ಆದ ಮೇಲೆ ನಾಲ್ಕೂ ಅಂಚು ಹೊಡೆದರು. ಹಿಂದೊಮ್ಮೆ ಯಾರೋ ಹೊಡೆಸಲು ಕೊಟ್ಟು ಬಿಟ್ಟುಹೋದ ಅದೇ ಅಂಚು. ಸುಣ್ಣದ ಬಿಲ್ಲೆಯಿಂದ ಅಡ್ಡಡ್ಡ ಗೆರೆ ಎಳೆದರು, ಬೇಕಾಗಿರಲಿಲ್ಲ, ಆದರೂ ಎಳೆದರು. ರುಕ್ಮಾಬಾಯಿ ಮನೆಮನೆ ಕೇಳಿ ಇದ್ದಲಿ ತಂದಳು. ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಒತ್ತಿದಾಗ ಹಬೆ ನನ್ನೊಳಗೆ ಇಳಿಯಿತು, ಆ ನೀಲಿ ಹೂವು ಮೊದಲ ಸಲ ಸ್ವಲ್ಪ ಹಿಂದೆ ಸರಿಯಿತು. ಕೊನೆಗೆ ಮಾಸ್ತರರು ಎಲೆ ತಂಬಾಕು ಕೇಳಿದರು. ಡಾಕ್ಟರು ಕಟ್ಟುನಿಟ್ಟಾಗಿ ಬೇಡ ಅಂದಿದ್ದಾರೆ ಎಂದು ರುಕ್ಮಾಬಾಯಿ ಸಿಟ್ಟಾದಳು. “ನಾ ತಿನ್ನೂದಿಲ್ಲ. ತಿಕ್ಕತೇನಿ” ಎಂದು ಒಂದು ಚಿಟಿಕೆ ತಂಬಾಕನ್ನು ಅಂಗೈಗೆ ಹಾಕಿಸಿಕೊಂಡು, ಖಾಕಿಯ ಮೇಲೆ ಉಜ್ಜಿದರು. ಉಜ್ಜಿದ ಬೆರಳನ್ನು ಒಮ್ಮೆ ಮೂಸಿಕೊಂಡದ್ದನ್ನು ತಂಗಿ ನೋಡಿಯೂ ನೋಡದ ಹಾಗಿದ್ದಳು.

ಸಾಕೋ, ಸಾಲದೋ? ಒಂಬತ್ತು ವರ್ಷದ್ದನ್ನು ಒಂದು ದಿನದಲ್ಲಿ ಹಿಡಿದಿಡುವುದು ನನ್ನಂಥ ಮುದಿ ನೂಲಿನಿಂದ ಆಗುತ್ತದೋ ಇಲ್ಲವೋ ನನಗೆ ತಿಳಿಯದು. ಹೂವಿನ ವಾಸನೆ ಪೂರ್ತಿ ಹೋಗಿಲ್ಲ. ಎಣ್ಣೆಯ ಕೆಳಗೆ ಅದು ಇನ್ನೂ ಇದೆ.

ಸಂಜೆ ಐದಕ್ಕೆ ಜಯಶ್ರೀಬಾಯಿಯ ಫೋನು ಬಂತು. ಮಾದ್ಲಿ ಈಗ ನೀರಿಗೂ ತಲೆ ಎತ್ತುತ್ತಿಲ್ಲ ಎಂದರು. ಈಗಲೇ ಹೊರಡುತ್ತೇನೆ ಎಂದು ತೇಜು ಎದ್ದು ನಿಂತಳು. ಮಾಸ್ತರರು ತಡೆದರು. ಎಣ್ಣೆ ಇನ್ನೂ ಮೇಲೇ ಇದೆ, ಈಗ ಒಯ್ದರೆ ಮೂಗಿಗೆ ಚುಚ್ಚುತ್ತದೆ, ಆಕೆ ಹೆದರುತ್ತಾಳೆ, ನೂಲಿಗೆ ಇಳಿಯಲು ಒಂದು ರಾತ್ರಿ ಬೇಕು ಎಂದರು. ಮಂಚಕ್ಕೆ ಹೋಗಲು ಒಲ್ಲೆನೆಂದು, ನನ್ನನ್ನು ಮಷೀನಿನ ಕೆಳಗೆ ಹಾಸಿಸಿ, ತಾವೂ ಅಲ್ಲೇ ಇಳಿದು ಮಲಗಿದರು. ಮುಖ ಗೋಡೆಯ ಕಡೆಗಿರಲಿಲ್ಲ.

“ಎಷ್ಟಕ್ಕ ಬಸ್ಸ?” ಎಂದು ಕೇಳಿದರು.

“ಐದೂವರಿಗೆ ಮೊದಲನೇದು, ಮಾಸ್ತರ. ಎಂಟಕ್ಕ ಧಾರವಾಡ.”

“ಹಾಸಿದ ಮ್ಯಾಲ ಆಕಿನ್ನ ಕರೀಬ್ಯಾಡ. ಎತ್ತಿ ತಂದು ಇದರ ಮ್ಯಾಲ ಇಡಬ್ಯಾಡ. ಖಾಕಿ ಆಕಿ ಕಡೆ ಇರಲಿ, ನೀವೆಲ್ಲಾ ದೂರ ನಿಂದರ್ರಿ. ಬರೂದಿದ್ರ ಆಕಿನ ಬರ್ತಾಳ.”

ತೇಜು ಫೋನು ಎತ್ತಿಕೊಂಡಳು. ಜಯಶ್ರೀಬಾಯಿಗೂ ಉಷಾ ಮೇಡಂಗೂ ಬರೆಯುವಾಗ ಎಂದಿನಂತೆ ಬಾಯಲ್ಲೂ ಹೇಳಿಕೊಂಡಳು. ಈ ಸಲ ಹೃದಯವಿರಲಿಲ್ಲ, ನಗುವ ಮುಖವಿರಲಿಲ್ಲ. ಒಂದೇ ಸಾಲು.

“ನಾಳೆ ಎಂಟೂವರಿಗೆ, ಡಾಕ್ಟರ ಬರೂಕಿಂತ ಮೊದಲ, ಆಂಟಿ ವರಾಂಡದಾಗ.”

ಎಷ್ಟೋ ಸೋಮವಾರ ನಾನು ಯಾರಿಗೋ ಕಾದವನು, ಯಾರೂ ಬರಲಿಲ್ಲ. ನಾಳೆ ನಾನೇ ಹೋಗುವವನು. ಮಾಸ್ತರರ ಉಸಿರು ಖಾಕಿಯ ಮೇಲೆ ಬೀಳುತ್ತಿದೆ. ಒಂದೊಂದನ್ನೂ ಬಿಡದೆ ಒಳಕ್ಕೆ ಎಳೆದುಕೊಳ್ಳುತ್ತಿದ್ದೇನೆ. ಎಂಟೂವರೆಗೆ ನನಗೂ ಮಾದ್ಲಿಗೂ ಭೇಟಿ.